ದೊಡ್ಡಪ್ಪನ ಕೆರೆಯೂ ನನ್ನ ಸ್ಟ್ರೋಬೂ

ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ಯಾರನ್ನು ಏನು ಬೇಕಾದರೂ ಅನ್ನಬಹುದು, ಅವರ ತೋಟದ ನೀರಿನ ಬಗ್ಗೆ ಮಾತ್ರ ಹಗುರವಾಗಿ ಮಾತಾಡಬಾರದು. ಗಂಗಾ ಸ್ನಾನ, ತುಂಗಾ ಪಾನ ಅಂತ ಹೇಳಿಕೊಂಡೇ ಬೆಳೆದ ಜನ ನಾವು. ನಮ್ಮ ದೊಡ್ಡಪ್ಪನಿಗಂತೂ ತುಂಗೆಯೂ ಎರಡನೇ ನಂಬರು. ಒಂದನೇ ನಂಬರು ತೋಟದ ತಲೆಯಲ್ಲಿರುವ, ಗುಡ್ಡದ ಝರಿ ಬಂದು ತುಂಬುವ ನಮ್ಮ ಕೆರೆ. ನೆಂಟರು ಬಂದರೆ ಕಾಫಿಗಿಂತ ಮೊದಲು ಅಲ್ಲಿಗೆ ಕರೆದೊಯ್ದು, ಬೊಗಸೆಯಲ್ಲಿ ನೀರೆತ್ತಿ ಕುಡಿದು ತೋರಿಸುತ್ತಾರೆ. "ತಳದ ಕಲ್ಲು ಎಣಿಸಬಹುದು ನೋಡಿ" ಅನ್ನುತ್ತಾರೆ. ಇದುವರೆಗೆ ಯಾರೂ ಎಣಿಸಿಲ್ಲ.

ಇಂಥ ಕೆರೆಗೆ ನಾನು ಸ್ಟ್ರೋಬ್, ಅಂದರೆ ನೀರೊಳಗೆ ಫೋಟೋ ತೆಗೆಯುವಾಗ ಬೆಳಗಿಸುವ ಫ್ಲಾಶ್, ಇಳಿಸಿದೆ.

ಇದಕ್ಕೆಲ್ಲ ಮೂಲ ನೇತ್ರಾಣಿ ದ್ವೀಪ. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಿ, ಅಲ್ಲಿನ ಸಮುದ್ರದಲ್ಲಿ ಮುಳುಗಿ ತೆಗೆದ ನನ್ನ ಫೋಟೋಗಳೆಲ್ಲ ಬರೀ ನೀಲಿ, ಹಸಿರು. ನೀರು ಮೊದಲು ನುಂಗುವುದು ಕೆಂಪನ್ನು. ಐದು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಹೆಚ್ಚುಕಮ್ಮಿ ಮುಗಿದಿರುತ್ತದೆ. ಆಮೇಲೆ ಕಿತ್ತಳೆ, ಅದರ ಹಿಂದೆ ಹಳದಿ. ಕೆಂಪು ಮೀನು ಎದುರಿಗೆ ಬಂದರೂ ಬೂದು ಬಳಿದುಕೊಂಡೇ ಕಾಣಿಸುತ್ತದೆ. ಬಣ್ಣ ವಾಪಸ್ ಬೇಕಾದರೆ ಬಿಳಿ ಬೆಳಕನ್ನು ನಾವೇ ಹೊತ್ತುಕೊಂಡು ಇಳಿಯಬೇಕು. ಅದಕ್ಕೇ ಸ್ಟ್ರೋಬ್. ಬೆಲೆ ಕೇಳಿದ ದೊಡ್ಡಮ್ಮ, "ಇಷ್ಟಕ್ಕೆ ಒಂದು ಪಂಪ್‌ಸೆಟ್ ಬರ್ತಿತ್ತಲ್ಲೋ" ಅಂದರು. ಬರ್ತಿತ್ತು, ನಿಜ.

1926ರಲ್ಲಿ ಅಮೆರಿಕದ ಫ್ಲಾರಿಡಾ ಬಳಿ ವಿಲಿಯಂ ಲಾಂಗ್ಲಿ, ಚಾರ್ಲ್ಸ್ ಮಾರ್ಟಿನ್ ಎಂಬ ಇಬ್ಬರು ನೀರೊಳಗಿನ ಮೀನಿನ ಬಣ್ಣದ ಫೋಟೋ ತೆಗೆದಾಗ, ಬೆಳಕಿಗಾಗಿ ತೆಪ್ಪದ ಮೇಲೆ ಮೆಗ್ನೀಸಿಯಂ ಪುಡಿ ಸಿಡಿಸಿದ್ದರಂತೆ. ಅದಕ್ಕೆ ಹೋಲಿಸಿದರೆ ನಾನು ಬಹಳ ಸಾಧು ಅಂತ ದೊಡ್ಡಪ್ಪನಿಗೆ ವಿವರಿಸಿದೆ. ಅವರು ಒಪ್ಪಿದರು, ಒಂದು ಷರತ್ತಿನ ಮೇಲೆ: ಕುಡಿಯುವ ನೀರು, ಇಳಿಯುವ ಮುಂಚೆ ಸ್ನಾನ ಆಗಬೇಕು. ನನಗೂ, ಕ್ಯಾಮೆರಾಕ್ಕೂ. ನೀರು ಒಳನುಗ್ಗದ ಹಾಗೆ ಕ್ಯಾಮೆರಾಕ್ಕೆ ತೊಡಿಸುವ ಹೌಸಿಂಗ್ ಎಂಬ ಪೆಟ್ಟಿಗೆಗೆ ಬಚ್ಚಲಲ್ಲಿ ಅಭ್ಯಂಜನವೇ ಆಯಿತು. ಅದರ ಅಂಚಿನ ರಬ್ಬರ್ ಬಳೆಗೆ, ಅಂದರೆ ಓ-ರಿಂಗಿಗೆ, ಸಿಲಿಕೋನ್ ಗ್ರೀಸ್ ಸವರುವಾಗ, "ಕೊಬ್ಬರಿ ಎಣ್ಣೆ ಕೊಡಲಾ?" ಎಂದು ದೊಡ್ಡಮ್ಮ ಬಟ್ಟಲು ಹಿಡಿದು ನಿಂತಿದ್ದರು.

ಮಳೆಗಾಲದಲ್ಲಿ ಆ ಕಡೆ ಹೋದರೆ ಉಂಬಳಗಳಿಗೆ ಹಬ್ಬ, ನೀರೂ ಕೆಂಪು. ಅದಕ್ಕೇ ಡಿಸೆಂಬರ್‌ವರೆಗೆ ಕಾದೆ. ತಿಳಿನೀರು. ಕಲ್ಲಿನ ಸಂದಿಯಲ್ಲಿ ಒಂದು ಏಡಿ, ಮಾಡೆಲ್ ಆಗಲು ಒಪ್ಪಿದ ಹಾಗೆ ಕೂತಿತ್ತು. ಹೌಸಿಂಗ್ ಜೊತೆ ಬಂದ ಹಿಡಿಕೆ ಗಿಡ್ಡ, ಸ್ಟ್ರೋಬ್ ಲೆನ್ಸಿನ ಪಕ್ಕಕ್ಕೇ ಅಂಟಿಕೊಂಡಿತ್ತು. ಕ್ಲಿಕ್ಕಿಸಿದೆ. ಪರದೆಯ ಮೇಲೆ ಏಡಿ ಎಲ್ಲೋ ಹಿಂದೆ ಇದೆ, ಅದರ ಮುಂದೆ ಸಾವಿರಾರು ಬಿಳಿ ಚುಕ್ಕೆ.

ಇದಕ್ಕೆ ಬ್ಯಾಕ್‌ಸ್ಕ್ಯಾಟರ್ ಅನ್ನುತ್ತಾರೆ. ಆಗುಂಬೆ ಘಾಟಿಯ ಮಂಜಿನಲ್ಲಿ ಹೈಬೀಮ್ ಹಾಕಿದವರಿಗೆ ಬಿಡಿಸಿ ಹೇಳುವುದೇ ಬೇಡ. ರಸ್ತೆ ಕಾಣುವುದಿಲ್ಲ, ಬರೀ ಬೆಳ್ಳನೆಯ ಮಂಜು ಕಣ್ಣಿಗೆ ರಾಚುತ್ತದೆ. ಕಣ್ಣಿಗೆ ಎಷ್ಟೇ ತಿಳಿಯಾಗಿ ಕಂಡರೂ ನೀರಲ್ಲಿ ಮಣ್ಣಿನ ಕಣ, ಪಾಚಿಯ ಚೂರು ತೇಲುತ್ತಲೇ ಇರುತ್ತವೆ. ಲೆನ್ಸಿನ ಪಕ್ಕದಿಂದ ಹೊರಟ ಬೆಳಕು ಅವಕ್ಕೆ ಬಡಿದು ಸೀದಾ ಲೆನ್ಸಿಗೇ ವಾಪಸ್ ಬರುತ್ತದೆ.

ಈ ವಿಜ್ಞಾನವನ್ನು ಹೇಳುವಷ್ಟರಲ್ಲಿ ತಡವಾಗಿತ್ತು. ನನ್ನ ತಮ್ಮ ಆ ಫೋಟೋವನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿಯಾಗಿತ್ತು. ಬೆಂಗಳೂರಿನ ಅತ್ತೆ, "ಇದನ್ನೇನಾ ನಾವು ಕುಡಿದಿದ್ದು?" ಎಂದು ಕೇಳಿದರು. ದೊಡ್ಡಮ್ಮ ಯಾರಿಗೂ ಹೇಳದೆ ನೀರು ಕಾಯಿಸಲು ಶುರು ಮಾಡಿದರು. ದೊಡ್ಡಪ್ಪ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, "ಇದು ನಮ್ಮ ಕೆರೆ ಅಲ್ಲ" ಅಂದುಬಿಟ್ಟರು.

ಮಧ್ಯಾಹ್ನದ ಬಿಸಿಲಲ್ಲಿ ಸ್ಟ್ರೋಬಿನ ಕೆಲಸ ಸರಿಯಾಗಿ ಗೊತ್ತಾಗುವುದಿಲ್ಲ. ಹಾಗಾಗಿ ಮುಸ್ಸಂಜೆಗೆ ಇಳಿಯತೊಡಗಿದೆ. ಕೆರೆಯೊಳಗಿಂದ ಫಳ್, ಫಳ್ ಅಂತ ಬೆಳಕು. ಕೆಳಗಿನ ಮನೆಯ ಅಂಗಳದಲ್ಲಿ ಬೇಯಿಸಿದ ಅಡಿಕೆ ಹರಡಿತ್ತು. "ಮಿಂಚು! ಮಳೆ ಬಂತು!" ಎಂದು ಅವರ ಮನೆಮಂದಿಯೆಲ್ಲ ಓಡಿಬಂದು ಅಡಿಕೆ ಬಾಚಿ ಒಳಗೆ ಹಾಕಿದರು. ಬೆವರು ಒರೆಸಿಕೊಂಡು ಮೇಲೆ ನೋಡಿದರೆ ಆಕಾಶದ ತುಂಬ ನಕ್ಷತ್ರ. ಅವತ್ತಿಂದ ನಾನು ನೀರಿಗಿಳಿಯುವ ಮುಂಚೆ ಅವರಿಗೊಂದು ಫೋನ್ ಮಾಡುವುದು ಪದ್ಧತಿಯಾಯಿತು.

ಬೆಳಕನ್ನು ಒಳಬಿಡುವ ಕ್ಯಾಮೆರಾದ ಬಾಗಿಲು, ಅಂದರೆ ಶಟರ್, ಅದರ ವೇಗ ಜಾಸ್ತಿ ಮಾಡಿದ ದಿನ ಅರ್ಧ ಫೋಟೋ ಕಪ್ಪು. ನನ್ನ ಕ್ಯಾಮೆರಾ ಸೆಕೆಂಡಿನ 1/200 ಭಾಗಕ್ಕಿಂತ ವೇಗವಾದರೆ, ಸ್ಟ್ರೋಬ್ ಬೆಳಗುವಾಗ ಶಟರ್ ಪೂರ್ತಿ ತೆರೆದಿರುವುದೇ ಇಲ್ಲ. ದೊಡ್ಡಪ್ಪ ನೋಡಿ, "ಸಿಂಗಲ್ ಫೇಸ್ ಇರಬೇಕು" ಅಂದರು. ಮಲೆನಾಡಿನವರಿಗೆ ಎಲ್ಲ ಕತ್ತಲೆಗೂ ಕಾರಣ ಗೊತ್ತಿರುತ್ತದೆ.

ಏಡಿಯದ್ದು ಬೇರೆಯೇ ತಕರಾರು. ನೀರಲ್ಲಿ ವಸ್ತುಗಳು ಇರುವುದಕ್ಕಿಂತ ಕಾಲು ಭಾಗ ಹತ್ತಿರ ಕಾಣುತ್ತವೆ. ಏಡಿಗೆ ಅಂತ ಗುರಿ ಇಟ್ಟ ಬೆಳಕು ಏಡಿಯ ಮುಂದಿನ ಖಾಲಿ ನೀರಿಗೆ ಬೀಳುತ್ತಿತ್ತು. ದೂರ ನಿಲ್ಲುವ ಹಾಗೂ ಇಲ್ಲ. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ, ಅದರಲ್ಲೂ ನೀರು ಇನ್ನಷ್ಟು ನುಂಗುತ್ತದೆ. ಕಡೆಗೆ ಸ್ಟ್ರೋಬ್ ಹಿಡಿಯುವ ಉದ್ದನೆಯ ತೋಳು ತರಿಸಿ, ಅದನ್ನು ಪಕ್ಕಕ್ಕೆ ದೂರ ಸರಿಸಿ, ಮುಖ ಸ್ವಲ್ಪ ಹೊರಕ್ಕೆ ತಿರುಗಿಸಿದೆ. ಬೆಳಕಿನ ಅಂಚು ಮಾತ್ರ ಏಡಿಗೆ ತಾಗಬೇಕು, ಲೆನ್ಸಿಗೂ ಏಡಿಗೂ ನಡುವಿನ ನೀರು ಕತ್ತಲಲ್ಲೇ ಇರಬೇಕು. ಸುಮ್ನೆ ಅಲ್ಲ ಈ ಕೆಲಸ. ಒಂದು ಬೆರಳಷ್ಟು ಆಚೀಚೆ ಆದರೂ ಚುಕ್ಕೆಗಳು ಮರಳಿ ಹಾಜರ್.

ಕೊನೆಗೆ ಬಂತು: ಒಂದೂ ಚುಕ್ಕೆಯಿಲ್ಲದ ಕಪ್ಪು ನೀರು, ನಡುವೆ ಇಟ್ಟಿಗೆ ಬಣ್ಣದ ಕೊಂಡಿ ಎತ್ತಿದ ಏಡಿ. ದೊಡ್ಡಪ್ಪ ಅದನ್ನು ಶಿವಮೊಗ್ಗದಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಜಗಲಿಯಲ್ಲಿ ನೇತುಹಾಕಿದ್ದಾರೆ. ನೆಂಟರಿಗೆ ಈಗ ಮೊದಲು ಫೋಟೋ, ಆಮೇಲೆ ಕೆರೆ, ಕಡೆಗೆ ಕಾಫಿ. ನೀರು ಇಷ್ಟು ಶುದ್ಧವಾಗಿದ್ದು ತಾವು ಸುಣ್ಣ ಹಾಕಿಸಿದ್ದರಿಂದ ಅಂತ ಹೇಳುತ್ತಾರೆ. ಹಾಕಿಸಿದ್ದನ್ನು ನೋಡಿದವರಿಲ್ಲ. ತೋಳು, ಕೋನ ಅಂತ ನಾನು ಬಾಯಿ ತೆರೆದರೆ ದೊಡ್ಡಮ್ಮ ಕಣ್ಣಲ್ಲೇ ಸುಮ್ಮನಿರಿಸುತ್ತಾರೆ.

ದೊಡ್ಡಪ್ಪನಿಗೆ ಸೂತ್ರ ಅರ್ಥವಾಗಿಲ್ಲ ಅಂದುಕೊಂಡಿದ್ದೆ. ಮೊನ್ನೆ ಪಕ್ಕಕ್ಕೆ ಕರೆದು, ಕೆಳಗಿನ ಮನೆಯವರ ಕೆರೆಯದ್ದೂ ಒಂದು ಫೋಟೋ ತೆಗೆದುಕೊಡು ಅಂದರು. ಆಗಲಿ ಅಂದೆ. ಅತ್ತಿತ್ತ ನೋಡಿ, ದನಿ ತಗ್ಗಿಸಿ ಹೇಳಿದರು: "ಅವರದ್ದಕ್ಕೆ ಲೈಟು ಪಕ್ಕಕ್ಕೆಲ್ಲ ಇಡೋದು ಬೇಡ. ಮೊದಲಿನ ಹಾಗೆ ಲೆನ್ಸಿಗೆ ಅಂಟಿಸಿಯೇ ತೆಗಿ."