ಹಸುವಿಗೆ ಬೀದರ್, ತೆಂಗಿಗೆ ಬಾಗಲಕೋಟೆ

ಮಂಡ್ಯದ ಸುದ್ದಿ ನಿಮಗೆಲ್ಲ ಗೊತ್ತಿದ್ದದ್ದೇ. ಅಲ್ಲಿನ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಹೊಸ ಕೃಷಿ ವಿಶ್ವವಿದ್ಯಾಲಯ. ಬರೀ ಕೃಷಿ ಅಂದರೆ ಸಾಲದು, ‘ಸಮಗ್ರ’ ಕೃಷಿ. ಹೊಲ, ತೋಟ, ಕೊಟ್ಟಿಗೆ ಎಲ್ಲ ಒಂದೇ ಸೂರಿನಡಿ ಬರಬೇಕಂತೆ. ಅದೇ ಮಂಡ್ಯದಲ್ಲಿರುವ ಇನ್ನೊಂದು ವಿಶ್ವವಿದ್ಯಾಲಯ ನಡೆಸೋಕೆ ದುಡ್ಡಿಲ್ಲ, ಮೈಸೂರಿಗೆ ಸೇರಿಸಿಬಿಡಿ ಅಂತ 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿ ಹೇಳಿತ್ತು. ಊರು ಒಂದೇ. ಒಂದು ಬಾಗಿಲಿಗೆ ಬೀಗ ಹುಡುಕೋದು, ಇನ್ನೊಂದಕ್ಕೆ ತೋರಣ ಕಟ್ಟೋದು. ಬಾಳೆಕಂಬ ಹೇಗೂ ತಂದಿರುತ್ತಾರೆ, ಎರಡಕ್ಕೂ ಆಗುತ್ತದೆ.

ನನಗೇನೂ ಬೇಜಾರಿಲ್ಲ. ‘ಸಮಗ್ರ’ ಅನ್ನೋ ಮಾತು ಕೇಳಿ ಖುಷಿಯೇ ಆಯಿತು. ಯಾಕೆಂದರೆ ನಮ್ಮ ಚಿಕ್ಕಪ್ಪನ ಹಸು ಈಚೆಗೆ ಸಮಗ್ರವಾಗಿ ಕಾಯಿಲೆ ಬಿದ್ದಿತ್ತು.

ತಿಪಟೂರಿನ ಕಡೆ ಚಿಕ್ಕಪ್ಪನಿಗೆ ಒಂದಷ್ಟು ತೆಂಗು, ಪಕ್ಕದಲ್ಲೇ ಹೊಲ. ಹೊಲದ ಒಂದು ಮೂಲೆಯಲ್ಲಿ ಮೇವಿಗೆ ಅಂತ ಜೋಳ ಎರಚಿದ್ದರು. ಮಳೆ ಕೈಕೊಟ್ಟಿತು. ಜೋಳ ಗೇಣುದ್ದ ಬಂದು ಬಾಡಿ ನಿಂತಿತು. ಹಗ್ಗ ಕಿತ್ತುಕೊಂಡ ಹಸು ನುಗ್ಗಿ ನಾಲ್ಕು ಬಾಯಿ ಮೇಯ್ದು ಬಂತು. ಬಾಡಿದ ಎಳೆ ಜೋಳ ದನಕ್ಕೆ ವಿಷ ಅನ್ನೋದು ಊರಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಹಸುವಿಗೆ ಗೊತ್ತಿರಲಿಲ್ಲ. ಏದುಸಿರು ಬಿಡುತ್ತಾ, ತೂರಾಡುತ್ತಾ ಬಂದು ತೆಂಗಿನ ಬುಡದಲ್ಲಿ ಬಿತ್ತು.

ಚಿಕ್ಕಪ್ಪ ನನಗೆ ಫೋನ್ ಮಾಡಿದರು. ಬೆಂಗಳೂರಲ್ಲಿದ್ದು ಪೇಪರಿಗೆ ಬರೆಯೋ ಅಣ್ಣನ ಮಗನಿಗೆ ಎಲ್ಲ ಗೊತ್ತಿರುತ್ತೆ ಅನ್ನೋ ನಂಬಿಕೆ. ‘ಯಾರಿಗೆ ಹೇಳ್ಬೇಕಪ್ಪ ಇದನ್ನ?’

ನಾನು ಲೆಕ್ಕ ಹಾಕಿದೆ. ಹಸು ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಬಾಬ್ತು. ಅದು ತಿಂದ ಜೋಳ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ್ದು. ಅದು ಮಲಗಿರೋ ತೆಂಗಿನ ಬುಡ ಬಾಗಲಕೋಟೆಯ ತೋಟಗಾರಿಕೆಯವರದ್ದು. ನೀರು ಕುಡಿಸೋಣ ಅಂದರೆ ಪಕ್ಕದ ಗೋಕಟ್ಟೆ ಪಂಚಾಯಿತಿದು, ಅಂದಮೇಲೆ ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ. ಒಂದು ಹಸು, ನಾಲ್ಕು ಕುಲಪತಿ. ಇಷ್ಟು ಗೌರವ ಪಟ್ಟದಾನೆಗೂ ಸಿಕ್ಕಿರಲಿಕ್ಕಿಲ್ಲ.

ಹಸು ಉಳಿಯಿತು. ಪಶು ಆಸ್ಪತ್ರೆಯ ಡಾಕ್ಟರು ಪಕ್ಕದ ಊರಿಗೆ ಇನ್ಯಾವುದೋ ಹಸು ನೋಡೋಕೆ ಬಂದಿದ್ದರು, ಬೈಕ್ ತಿರುಗಿಸಿಕೊಂಡು ಬಂದು ಇಂಜೆಕ್ಷನ್ ಕೊಟ್ಟರು. ಇನ್ನೆರಡು ಆಸ್ಪತ್ರೆಗೂ ಅವರೇ ಇನ್‌ಚಾರ್ಜ್. ಅವರು ಆ ದಿನ ಆ ಕಡೆ ಬಂದಿಲ್ಲದಿದ್ದರೆ ಈ ಅಂಕಣದ ದನಿ ಬೇರೆ ಇರುತ್ತಿತ್ತು.

ಮೊದಲು ಹೀಗಿರಲಿಲ್ಲ. 1964ರಲ್ಲಿ ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾಲಯ ಶುರುವಾದಾಗ ಅದು ಕೂಡುಕುಟುಂಬ. ಅಮೆರಿಕದ ಟೆನೆಸ್ಸೀ ವಿಶ್ವವಿದ್ಯಾಲಯದವರು ಬಂದು ಕೈ ಜೋಡಿಸಿದ್ದರು. ಪಾಠ, ಸಂಶೋಧನೆ, ರೈತನಿಗೆ ತಿಳಿಸಿಕೊಡೋದು, ಈ ಮೂರೂ ಒಂದೇ ಕಡೆ ಇರಬೇಕು ಅನ್ನೋದು ಅವರ ಪದ್ಧತಿ. ಹೆಬ್ಬಾಳದ ದನ, ಮಂಗಳೂರಿನ ಮೀನು, ಮೂಡಿಗೆರೆಯ ತೋಟ ಎಲ್ಲಕ್ಕೂ ಒಂದೇ ಒಲೆ. 1986ರಲ್ಲಿ ಧಾರವಾಡದವರು ಬೇರೆ ಹೋದರು. ಅದು ನ್ಯಾಯವೇ. ದೂರದ ಊರು, ಬೇರೆ ಮಣ್ಣು, ಬೇರೆ ಮಳೆ. ಆಮೇಲೆ ಶುರುವಾಗಿದ್ದು ಜಮೀನಿನ ಭಾಗ ಅಲ್ಲ, ಪಾತ್ರೆಪಗಡಿ ಭಾಗ. ದನ, ಕುರಿ, ಕೋಳಿ, ಮೀನು ಬೀದರ್‌ಗೆ. 2008ರಲ್ಲಿ ಹಣ್ಣು, ಹೂವು, ತರಕಾರಿ ಬಾಗಲಕೋಟೆಗೆ. ನಾಲ್ಕು ವರ್ಷ ಕಳೆಯಿತು, ಶಿವಮೊಗ್ಗದಲ್ಲಿ ಕೃಷಿ ಮತ್ತು ತೋಟಗಾರಿಕೆ ಮತ್ತೆ ಒಂದೇ ಮನೆ. ಈಗ ಮಂಡ್ಯದಲ್ಲಿ ಸಮಗ್ರ. ಜಗಳವಾಡಿ ನಡುಮನೆಗೆ ಗೋಡೆ ಎಬ್ಬಿಸಿದ ಅಣ್ಣತಮ್ಮಂದಿರು ಹಬ್ಬ ಬಂತು ಅಂತ ಅದೇ ಗೋಡೆಗೆ ಕಿಟಕಿ ಇಡಿಸಿದ ಹಾಗಿದೆ.

ಮೀನಿನ ವಿಷಯದಲ್ಲಿ ಮಾತ್ರ ಒಂದು ನಿಮಿಷ ನಿಲ್ಲಬೇಕು. ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರದ್ದು. ಅಲ್ಲಿಂದ ಕಡಲು ಕೂಗಿದರೆ ಕೇಳೋ ದೂರ. ಅದರ ಯಜಮಾನರು ಇರೋದು ಬೀದರ್‌ನಲ್ಲಿ. ಬೀದರ್‌ನಲ್ಲಿ ಸಮುದ್ರ ನೋಡಬೇಕಾದರೆ ಕೋಟೆ ಹತ್ತಿ ಕಣ್ಣು ಮುಚ್ಚಿಕೊಳ್ಳಬೇಕು. ಬಂಗುಡೆಗೆ ಏನಾದರೂ ಮಂಜೂರಾಗಬೇಕಿದ್ದರೆ ಫೈಲು ಕಾರಂಜಾ ಜಲಾಶಯದವರೆಗೆ ಈಜಿಕೊಂಡು ಹೋಗಬೇಕು. ಬೀದರಿನವರ ತಪ್ಪೇನೂ ಇಲ್ಲ ಬಿಡಿ. ಏನೂ ಕೊಡದೆ ವರ್ಷಗಟ್ಟಲೆ ಕೂರಿಸಿದ್ದೆವು, ಕೊಡುವಾಗ ಮೀನನ್ನೂ ಸೇರಿಸಿ ಕೊಟ್ಟೆವು.

ಇತ್ತ ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಆವರಣ ಜಿಕೆವಿಕೆ ನೋಡಿ. ಕೃಷಿ ಕಾಲೇಜು ಬೆಂಗಳೂರಿನದು. ಅದೇ ಆವರಣದ ತೋಟಗಾರಿಕಾ ಕಾಲೇಜು ಬಾಗಲಕೋಟೆಯದು. ಸ್ವಲ್ಪ ಈಚೆಗೆ ಬಂದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು, ಅದು ಬೀದರ್‌ದು. ಬಳ್ಳಾರಿ ರಸ್ತೆಯಲ್ಲಿ ಟ್ರಾಫಿಕ್ ಜಾಮ್ ಆದಾಗ ಮೂರು ವಿಶ್ವವಿದ್ಯಾಲಯದವರೂ ಒಂದೇ ಸಿಗ್ನಲ್‌ನಲ್ಲಿ ನಿಂತಿರುತ್ತಾರೆ. ಅಂತರಶಿಸ್ತೀಯ ಸಮಾವೇಶ ಅಂದರೆ ಅದೇ.

ಈ ‘ಅಂತರಶಿಸ್ತೀಯ’ ಅನ್ನೋ ಪದ ಕೇಳಿದ್ದೀರಲ್ವಾ? ಬೇರೆ ಬೇರೆ ಶಾಸ್ತ್ರದವರು ಒಟ್ಟಿಗೆ ಸೇರಿ ಮಾಡೋದು ಅಂತ ಅರ್ಥವಂತೆ. ಈಗ ಯಾವ ವಿಚಾರ ಸಂಕಿರಣದ ಫ್ಲೆಕ್ಸ್ ನೋಡಿದರೂ ಅದೇ. ಕೊರೋನಾ ಕಾಲದಲ್ಲಿ ಅಂಗಡಿ ಮುಂದೆ ಸುಣ್ಣದಲ್ಲಿ ಸುತ್ತು ಬರೆದು ‘ಅಂತರ ಕಾಪಾಡಿ’ ಅನ್ನುತ್ತಿದ್ದರಲ್ಲ, ಅದನ್ನೇ ಶಿಸ್ತಾಗಿ ಪಾಲಿಸೋದು ಅಂತ ನಾನು ಬಹಳ ದಿನ ತಿಳಿದಿದ್ದೆ. ಅಂಥ ಒಂದು ಸಂಕಿರಣಕ್ಕೆ ಹೋಗಿ ಕೂತ ಮೇಲೆ ನಾನು ತಿಳಿದದ್ದೇ ಸರಿ ಅನ್ನಿಸಿತು. ದೀಪ ಹಚ್ಚುವ ಬದಲು ಗಿಡಕ್ಕೆ ನೀರೆರೆದರು. ರಾಗಿ ರಾಶಿಗೆ ಪೂಜೆ ಆಯಿತು. ಎಲ್ಲರಿಗೂ ಮೈಸೂರು ಪೇಟ. ಮಣ್ಣಿನವರು ಮಾತಾಡಿ ಎದ್ದು ಹೋದರು. ಅವರು ಹೋದ ಮೇಲೆ ರೋಗದವರು ಬಂದರು. ಅರ್ಥಶಾಸ್ತ್ರದವರಿಗೆ ಊಟ ಆದಮೇಲಿನ ಹೊತ್ತು, ಮುಂದೆ ಖಾಲಿ ಕುರ್ಚಿ. ಹಳ್ಳಿಯ ಜನರ ಬಗ್ಗೆ ಮಾತಾಡಬೇಕಿದ್ದ ಸಮಾಜಶಾಸ್ತ್ರದವರಿಗೆ ವಂದನಾರ್ಪಣೆಗೆ ಮುಂಚೆ ಐದು ನಿಮಿಷ. ಯಾರೂ ಯಾರನ್ನೂ ಮುಟ್ಟಲಿಲ್ಲ. ಸೋಂಕು ಹರಡಲಿಲ್ಲ.

ಲೆಸ್ಲಿ ಕೋಲ್ಮನ್ ಅಂತ ಒಬ್ಬರಿದ್ದರು. ಕೆನಡಾದವರು, 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದರು. ಕರೆಸಿದ್ದು ಶಿಲೀಂಧ್ರ ಮತ್ತು ಕೀಟ ನೋಡೋಕೆ. ಮಲೆನಾಡಿಗೆ ಹೋದರು. ಅಡಿಕೆಗೆ ಕೊಳೆರೋಗ, ಜನ ಗೊನೆಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಯುತ್ತಿದ್ದರು. ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ದ್ರಾವಣ ಹೊಡೆಯೋದನ್ನ ರೂಢಿ ಮಾಡಿಸಿದರು. ಅಷ್ಟಕ್ಕೇ ಸುಮ್ನೆ ಇರಬಹುದಿತ್ತು. ಕೃಷಿ ಇಲಾಖೆಯ ನಿರ್ದೇಶಕರಾದರು. 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರ. ಮಂಡ್ಯಕ್ಕೆ ನಾಲೆ ನೀರು ಬಂದಾಗ ಕಬ್ಬು, ಸಕ್ಕರೆ ಕಾರ್ಖಾನೆ ಅಂತ ಅಲ್ಲೂ ಕೈ ಹಾಕಿದರು. ಬೂಷ್ಟು ನೋಡೋಕೆ ಬಂದ ಮನುಷ್ಯ!

ಇವತ್ತು ಅವರೇ ಅರ್ಜಿ ಹಾಕಿದರೆ ಪರಿಶೀಲನಾ ಸಮಿತಿ ಏನನ್ನುತ್ತಿತ್ತು ಅಂತ ಯೋಚಿಸಿ. ‘ಸಾರ್, ನಿಮ್ಮ ವಿಷಯ ರೋಗಶಾಸ್ತ್ರ. ಅಡಿಕೆ ತೋಟಗಾರಿಕೆಗೆ ಹೋಯ್ತು. ಕಾಫಿ ಕೇಂದ್ರದ ವಾಣಿಜ್ಯ ಸಚಿವಾಲಯದ್ದು, ನೀವು ಮುಟ್ಟೋ ಹಾಗಿಲ್ಲ. ಸಕ್ಕರೆಗೆ ಬೇರೆ ಇಲಾಖೆ ಇದೆ. ನಾಲೆ ನೀರು ಅಂದ್ರಲ್ಲ, ಅದು ನೀರಾವರಿ. ನಿಮಗೆ ಅಂತ ಉಳಿದಿರೋದು ಬೂಷ್ಟು ಮಾತ್ರ. ಎಷ್ಟು ಪ್ರಬಂಧ ಪ್ರಕಟಿಸಿದ್ದೀರಿ?’ ಪಾಪ, ಮುಂದಿನ ಹಡಗಿಗೆ ಟಿಕೆಟ್ ತೆಗೆಸುತ್ತಿದ್ದರು.

ಶತಮಾನ ದಾಟಿತು. ಮಲೆನಾಡಿನಲ್ಲಿ ಮಳೆಗಾಲ ಬಂದರೆ ಈಗಲೂ ಹೊಡೆಯೋದು ಅದೇ ಮೈಲುತುತ್ತ, ಅದೇ ಸುಣ್ಣ. ಈ ನಡುವೆ ಎಲೆಚುಕ್ಕಿ ರೋಗ ಬಂದು ತೋಟಕ್ಕೆ ತೋಟವೇ ಕೆಂಪಾಗುತ್ತಿದೆ. ತಂಡ ಬಂತು, ನೋಡಿತು, ಸೋಗೆ ಕೈಯಲ್ಲಿ ಹಿಡಿದು ಫೋಟೋ ತೆಗೆಸಿಕೊಂಡಿತು. ಇನ್ನೊಂದು ತಂಡ ಬಂತು. ಸೋಗೆ ಅದೇ.

ಎಲ್ಲವೂ ವ್ಯರ್ಥ ಅಂತ ನಾನು ಹೇಳೋದಿಲ್ಲ. ಎರಡು ವರ್ಷದ ಹಿಂದೆ ನಮ್ಮೂರಿಗೆ ಒಂದು ಕೃಷಿ ಕಾಲೇಜಿನ ಕೊನೇ ವರ್ಷದ ಮಕ್ಕಳು ಬಂದಿದ್ದರು. ಹಳ್ಳಿಯಲ್ಲೇ ಇದ್ದು ಕಲಿಯಬೇಕು ಅನ್ನೋ ನಿಯಮ, ಒಳ್ಳೇ ನಿಯಮ. ಮಕ್ಕಳೂ ಒಳ್ಳೆಯವರು, ಚಿಕ್ಕಮ್ಮನ ಕೈಯ ಮುದ್ದೆ ಉಂಡು ದುಂಡಗಾದರು. ಒಂದು ದಿನ ದೇವಸ್ಥಾನದ ಮುಂದೆ ಬಣ್ಣದ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸಿದರು. ಹಸಿರು ಪುಡಿ ತೋಟ, ಕಂದು ಪುಡಿ ಹೊಲ, ನೀಲಿ ಪುಡಿ ಕೆರೆ. ಕೆರೆಯಲ್ಲಿ ನೀಲಿ ನೋಡಿ ಊರವರಿಗೆ ಬಹಳ ಸಂತೋಷವಾಯಿತು. ನಿಜವಾದ ಕೆರೆಯಲ್ಲಿ ಆಗ ಜಾಲಿ ಬೆಳೆದಿತ್ತು.

ಆಮೇಲೆ ‘ಚಪಾತಿ ನಕ್ಷೆ’. ಮುದ್ದೆ ಉಣ್ಣೋ ಊರಿನಲ್ಲಿ ಚಪಾತಿ ನಕ್ಷೆ ಯಾಕೆ ಅಂತ ಚಿಕ್ಕಮ್ಮನೇ ಕೇಳಿದರು. ಊರಿಗೆ ಬೇಕಾದ ಸಂಸ್ಥೆಗೆಲ್ಲ ರಟ್ಟಿನ ಒಂದೊಂದು ದುಂಡು ಬಿಲ್ಲೆ. ಹತ್ತಿರದವರನ್ನು ಹತ್ತಿರ ಇಡಬೇಕು, ದೂರದವರನ್ನು ದೂರ. ಹಾಲಿನ ಡೇರಿ ಊರೊಳಗೇ ಬಂತು. ಬ್ಯಾಂಕು ಸ್ವಲ್ಪ ಆಚೆ. ರೈತ ಸಂಪರ್ಕ ಕೇಂದ್ರ ಬೀಜ ಕೊಡೋ ಕಾಲಕ್ಕೆ ಹತ್ತಿರ, ಮಿಕ್ಕ ಕಾಲಕ್ಕೆ ದೂರ ಅಂತ ತೀರ್ಮಾನ ಆಯಿತು. ಕೊನೆಗೆ ಒಬ್ಬ ಹುಡುಗಿ ದೊಡ್ಡ ಬಿಲ್ಲೆ ಹಿಡಿದು ‘ವಿಶ್ವವಿದ್ಯಾಲಯ ಎಲ್ಲಿಡಲಿ ತಾತ?’ ಅಂದಳು. ತಾತ ಸುತ್ತ ನೋಡಿ, ‘ರಸ್ತೆ ದಾಟಿ ಆ ಕಡೆ ಇಡವ್ವ, ಬಸ್ಸು ಅಲ್ಲೇ ನಿಲ್ಲೋದು’ ಅಂದರು.

ಆಮೇಲೆ ಸಮಸ್ಯೆಗೆ ಅಂಕ ಹಾಕೋದು. ಒಬ್ಬೊಬ್ಬರಿಗೂ ಒಂದು ಹಿಡಿ ಹುಣಸೆ ಬೀಜ. ನೀರು, ಕೂಲಿ, ಬೆಲೆ, ಹುಳ, ಇತರೆ. ಯಾವುದು ಜಾಸ್ತಿ ಕಾಡುತ್ತೋ ಅಲ್ಲಿ ಬೀಜ ಇಡಬೇಕು. ನೀರಿನ ಮೇಲೆ ರಾಶಿ ಬಿತ್ತು. ನಮ್ಮ ಪಕ್ಕದ ಮನೆಯವನು ಮಾತ್ರ ತನ್ನ ಅಷ್ಟೂ ಬೀಜ ತಗೊಂಡು ‘ಇತರೆ’ ಮೇಲೆ ಸುರಿದ. ಮೂವತ್ತಾರು ದಾಟಿದವನು, ತೋಟ ಇದೆ, ಬೋರು ಇದೆ. ಏನದು ಅಂತ ಕೇಳಿದರು. ‘ಹೆಣ್ಣು ಕೊಡ್ತಿಲ್ಲ’ ಅಂದ. ಎಲ್ಲರೂ ನಕ್ಕರು. ಹುಡುಗಿ ನಗಲಿಲ್ಲ. ಪಟ್ಟಿಯಲ್ಲಿ ‘ಇತರೆ – 1’ ಅಂತ ಬರೆದುಕೊಂಡಳು. ಅವಳಾದರೂ ಏನು ಮಾಡಿಯಾಳು, ಅದಕ್ಕೆ ಪಟ್ಟಿಯಲ್ಲಿ ಕಲಂ ಇರಲಿಲ್ಲ.

2023ರ ಫೆಬ್ರವರಿಯಲ್ಲಿ ಮಂಡ್ಯ ಕಡೆಯ ಹುಡುಗರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರಲ್ಲ, ಮದುವೆಗೆ ಹೆಣ್ಣು ಸಿಗಲಿ ಅಂತ ಹರಕೆ ಹೊತ್ತು. ಟೀವಿಯವರು ಒಂದು ದಿನವೆಲ್ಲ ತಮಾಷೆ ಮಾಡಿದರು. ನಾನೂ ಮಾಡಿದ್ದೆ, ಇದೇ ಅಂಕಣದಲ್ಲಿ. ಈಗ ನೆನೆದರೆ ನಾಚಿಕೆಯಾಗುತ್ತೆ. ಬೆವರು ಸುರಿಸಿ ಬೆಳೆದದ್ದಕ್ಕೆ ಬೆಲೆ ಇಲ್ಲ, ಹೆತ್ತವರೇ ಮಗಳಿಗೆ ಹೊಲದ ಸಹವಾಸ ಬೇಡ ಅನ್ನುತ್ತಾರೆ, ಊರಿನ ಅರ್ಧ ಮನೆಗೆ ಬೀಗ. ಗ್ರಾಮೀಣಾಭಿವೃದ್ಧಿ ಅಂತ ಇನ್ನೇನಿದೆ ಇದನ್ನು ಬಿಟ್ಟು? ಇದು ಮಣ್ಣಿನವರದ್ದಾ, ರೋಗದವರದ್ದಾ, ಅರ್ಥಶಾಸ್ತ್ರದವರದ್ದಾ? ಎಲ್ಲರದ್ದೂ ಆಗಿರೋದರಿಂದಲೇ ಯಾರದ್ದೂ ಅಲ್ಲ. ಪಾಠ ಹೇಳೋ ಹುದ್ದೆಗಳು ಖಾಲಿ ಬಿದ್ದಿವೆ. ಇದ್ದ ವಿಶ್ವವಿದ್ಯಾಲಯಕ್ಕೆ ಜನ ಕೊಡೋಕೆ ಆಗದವರು ಹೊಸ ವಿಶ್ವವಿದ್ಯಾಲಯಕ್ಕೆ ಬೋರ್ಡು ಬರೆಸುತ್ತಾರೆ. ಆ ಬೋರ್ಡಿನಲ್ಲಿ ‘ಸಮಗ್ರ’ ಅಂತ ಒಂದು ಪದ ಸೇರಿಸಿದರೆ ಒಡೆದ ಮನೆ ಒಂದಾಗುತ್ತಾ? ಸುಸ್ತಾಗಿದೆ ಸ್ವಾಮಿ, ಕೇಳಿ ಕೇಳಿ.

ಇರಲಿ. ಚಿಕ್ಕಪ್ಪನ ಸಂಶೋಧನಾ ಜೀವನದ ಬಗ್ಗೆ ಹೇಳದಿದ್ದರೆ ಅವರು ಬೇಜಾರು ಮಾಡಿಕೊಳ್ಳುತ್ತಾರೆ. ಇದುವರೆಗೆ ಮೂರು ಪಿಎಚ್‌ಡಿಗೆ ಅವರು ಉತ್ತರ ಕೊಟ್ಟಿದ್ದಾರೆ. ಇಂಥ ತಾಲ್ಲೂಕಿನ ರೈತರ ‘ಅರಿವು ಮತ್ತು ಅಳವಡಿಕೆಯ ಮಟ್ಟ’ ಅಂತ ವಿಷಯ. ಊರಿಂದ ಪೇಟೆಗೆ ವಾರಕ್ಕೆ ಎಷ್ಟು ಸಲ ಹೋಗ್ತೀರಿ, ರೇಡಿಯೋ ಕೇಳ್ತೀರಾ, ಅಪಾಯ ಎದುರಿಸೋ ಮನೋಭಾವ ಇದೆಯಾ? ಮಳೆ ನಂಬಿ ರಾಗಿ ಬಿತ್ತೋನನ್ನ ಕೇಳೋ ಪ್ರಶ್ನೆಯಾ ಅದು! ಮೂರು ಸಲವೂ ಚಿಕ್ಕಪ್ಪ ‘ಮಧ್ಯಮ’ ಗುಂಪಿಗೇ ಬಂದರು. ಸರಾಸರಿ ತೆಗೆದು ಆ ಕಡೆ ಈ ಕಡೆ ಒಂದಿಷ್ಟು ಬಿಟ್ಟು ಗೆರೆ ಎಳೆದರೆ ನಡುವೆ ಉಳಿಯೋರು ಮಧ್ಯಮ, ಇನ್ನೇನಾಗುತ್ತಾರೆ?

ಒಂದು ಪ್ರಶ್ನೆಗೆ ಮಾತ್ರ ಅವರು ಮೂರು ಸಲವೂ ತಡವರಿಸಿದರಂತೆ. ‘ನಿಮ್ಮ ಹೊಲದ ಬೆಳೆ ಯಾವುದು? ಒಂದಕ್ಕೆ ಮಾತ್ರ ಗುರುತು ಹಾಕಿ.’ ಚಿಕ್ಕಪ್ಪ ಹಾಕೋದು ರಾಗಿ, ನಡುನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ಹುಚ್ಚೆಳ್ಳು ಹೂವಿಗೆ ಜೇನು ಬರುತ್ತೆ, ಅವರೆ ಮಣ್ಣಿಗೆ ಬಲ ಕೊಡುತ್ತೆ, ಒಂದು ಹೋದರೆ ಇನ್ನೊಂದು ಕೈಗೆ ಸಿಗುತ್ತೆ. ಕೇಳೋಕೆ ಬಂದ ಹುಡುಗ ಯೋಚನೆ ಮಾಡಿ ರಾಗಿಗೆ ಗುರುತು ಹಾಕಿಕೊಂಡು ಹೋದ. ಅವರೆಕಾಯಿ ಒಂದು ಚೀಲ ತಗೊಂಡೇ ಹೋದ, ಅದು ಬೇರೆ ಮಾತು.

ಮೊನ್ನೆ ಊರಿಗೆ ಹೋಗಿದ್ದೆ. ಚಿಕ್ಕಪ್ಪ ಜೋಳದ ಮೂಲೆಗೂ ತೋಟಕ್ಕೂ ನಡುವೆ ಬೇಲಿ ಹಾಕಿಸುತ್ತಿದ್ದರು. ಜಾಲಿ ಮುಳ್ಳು, ಎರಡು ಸುತ್ತು ತಂತಿ. ಪೇಪರಿನಲ್ಲಿ ಮಂಡ್ಯದ ಸುದ್ದಿ ಓದಿದ್ದರು ಅಂತ ಕಾಣುತ್ತೆ.

‘ಅಲ್ಲ ಕಣಪ್ಪ, ಈ ಬೇಲಿ ಯಾವ ಯೂನಿವರ್ಸಿಟಿಗೆ ಬರ್ತದೆ?’

ನಾನು ಉತ್ತರ ಹುಡುಕುತ್ತಾ ನಿಂತೆ. ಹಸು ಆಗಲೇ ತಂತಿ ಸಂದಿಯಲ್ಲಿ ಕತ್ತು ತೂರಿಸಿ ಜೋಳದ ಕಡೆ ನಾಲಿಗೆ ಚಾಚಿತ್ತು.