ಫ್ರಾಸ್ಟ್ ಜಿಲೇಬಿ

ಇವತ್ತು ಬೆಳಿಗ್ಗೆ ಪೇಟೆಗೆ ಹೋಗಿದ್ದೆ. ಎರಡು ದಿನದಿಂದ ತೋಟದಲ್ಲಿ ಕರೆಂಟಿಲ್ಲ. ಫೋನ್ ಚಾರ್ಜ್ ಮಾಡೋ ನೆಪದಲ್ಲಿ ಒಂದು ಮಸಾಲೆ ದೋಸೆ. ಹೋಟೆಲಿನ ಮೂಲೆಯಲ್ಲಿ ನಮ್ಮ ಬೆಳೆಗಾರ ಬಳಗ ಎಂದಿನ ಹಾಗೆ ಕೂತಿತ್ತು. ಅದರಲ್ಲೊಬ್ಬರು ಮೊಬೈಲ್ ಎತ್ತಿ ಹಿಡಿದು, "ಬ್ರೆಜಿಲ್‌ನಲ್ಲಿ ಈ ವಾರ ಫ್ರಾಸ್ಟ್ ಬೀಳಬಹುದಂತೆ ಕಣ್ರೀ! ಏ ತಮ್ಮಾ, ಎಲ್ಲರಿಗೂ ಒಂದೊಂದು ಪ್ಲೇಟ್ ಜಿಲೇಬಿ ಕೊಡು" ಅಂದರು. ಚಪ್ಪಾಳೆ ಬೇರೆ. ನಿಜವಾಗಲೂ ಚಪ್ಪಾಳೆ ಮಾರಾಯ್ರೆ, ಮೊಮ್ಮಗ ಹುಟ್ಟಿದ ಸುದ್ದಿ ಬಂದ ಹಾಗೆ. ಫ್ರಾಸ್ಟ್ ಅಂದರೆ ಇಬ್ಬನಿ ಹೆಪ್ಪುಗಟ್ಟೋ ಚಳಿ. ಅಲ್ಲಿ ಅದಕ್ಕೆ ಕಾಫಿ ಗಿಡ ಸುಟ್ಟರೆ ಇಲ್ಲಿ ನಮ್ಮ ಕಾಫಿಗೆ ರೇಟು ಏರುತ್ತೆ, ಅದಕ್ಕೇ ಈ ಖುಷಿ.

ಎಲ್ಲಿತ್ತೋ ಸಿಟ್ಟು ನನಗೆ. "ಬ್ರೆಜಿಲ್‌ನಲ್ಲಿ ಎಲ್ಲಿ?" ಅಂದೆ.

"ಎಲ್ಲಿ ಅಂದ್ರೆ? ಬ್ರೆಜಿಲ್‌ನಲ್ಲಿ. ಫುಟ್‌ಬಾಲ್ ಆಡ್ತಾರಲ್ಲ, ಅಲ್ಲಿ."

ನಲವತ್ತು ವರ್ಷದಿಂದ ಕಾಫಿ ಬೆಳೆಯುತ್ತಿರುವ ಮನುಷ್ಯ. ರೇಟು ಎರಡು ರೂಪಾಯಿ ಇಳಿದರೆ ಬ್ರೆಜಿಲ್‌ಗೆ ಬೈತಾರೆ, ಏರಿದರೆ ಬ್ರೆಜಿಲ್‌ಗೆ ಏನೋ ಆಗಿರಬೇಕು ಅಂತ ಖುಷಿಪಡ್ತಾರೆ. ನಮ್ಮ ಪಾಲಿಗೆ ಬ್ರೆಜಿಲ್ ಅಂದರೆ ಊರಲ್ಲ, ಜನ ಅಲ್ಲ, ಮೊಬೈಲಿನಲ್ಲಿ ಮೇಲೆ ಕೆಳಗೆ ಆಡೋ ಒಂದು ಗೆರೆ.

ಆ ಗೆರೆಗೊಂದು ಹೆಸರಿದೆ. ಮಿನಾಸ್ ಜೆರಾಯ್ಸ್. ಬ್ರೆಜಿಲ್ಲಿನ ಒಂದು ರಾಜ್ಯ. ಜಗತ್ತಿನ ಕಾಫಿಯಲ್ಲಿ ಮೂರನೇ ಒಂದು ಪಾಲು ಬ್ರೆಜಿಲ್‌ನದು, ಅದರಲ್ಲಿ ಹತ್ತಿರ ಹತ್ತಿರ ಅರ್ಧ ಈ ಒಂದೇ ರಾಜ್ಯದ್ದು, ಹೆಚ್ಚುಕಡಿಮೆ ಎಲ್ಲಾ ಅರೇಬಿಕಾ ಜಾತಿಯ ಕಾಫಿ. ಇಡೀ ಭಾರತದ ಬೆಳೆಯ ನಾಲ್ಕೈದು ಪಟ್ಟು. ವಿಸ್ತೀರ್ಣದಲ್ಲಿ ಕರ್ನಾಟಕದ ಮೂರರಷ್ಟು, ಜನ ಮಾತ್ರ ಎರಡು ಕೋಟಿ ಚಿಲ್ಲರೆ. ಸಮುದ್ರ ಇಲ್ಲ. ಕಾಫಿ ಹಡಗು ಹತ್ತಬೇಕಾದರೆ ಹೆಚ್ಚಾಗಿ ಪಕ್ಕದ ಸಾವೊ ಪಾಲೊ ರಾಜ್ಯದ ಸಾಂಟೋಸ್ ಬಂದರಿಗೆ ಹೋಗಬೇಕು. ಫುಟ್‌ಬಾಲ್ ಅಂದರಲ್ಲ, ಪೆಲೆ ಹುಟ್ಟಿದ್ದೂ ಅಲ್ಲೇ, ದಕ್ಷಿಣ ಮಿನಾಸ್‌ನ ಕಾಫಿ ಸೀಮೆಯ ಒಂದು ಸಣ್ಣ ಊರಲ್ಲಿ, 1940ರಲ್ಲಿ. ಆ ಊರಿನ ಹೆಸರಿನ ಅರ್ಥ ‘ಮೂರು ಹೃದಯ’. ನಮ್ಮ ಟೇಬಲಿನಲ್ಲಿ ಆರು ಜನ ಇದ್ದೆವು, ಮೂರು ಸಿಕ್ಕಿದ್ದರೂ ಸಾಕಿತ್ತು.

ಮಿನಾಸ್ ಅಂದರೆ ಗಣಿಗಳು. ರಾಜ್ಯಕ್ಕೆ ಆ ಹೆಸರು ಬಂದಿದ್ದು ಕಾಫಿಗಿಂತ ಎಷ್ಟೋ ಮೊದಲು, 1690ರ ದಶಕದಲ್ಲಿ ಚಿನ್ನ ಸಿಕ್ಕಾಗ. ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ಹೊಳೆಯಲ್ಲಿ ಸೊಂಟದವರೆಗೆ ನಿಂತು ಮರಳು ಜಾಲಿಸಿದರು. ಐದರಲ್ಲಿ ಒಂದು ಪಾಲು ಪೋರ್ಚುಗಲ್ ರಾಜನಿಗೆ. ಆಮೇಲಾಮೇಲೆ ವರ್ಷಕ್ಕೆ ಕಡಿಮೆಯೆಂದರೆ 100 ಅರೋಬ, ಅಂದರೆ ಸುಮಾರು 1,500 ಕೆಜಿ ಚಿನ್ನ ಬರಲೇಬೇಕು ಅಂತ ಕಟ್ಟಳೆ. ಗಣಿ ಬರಿದಾದರೂ ಲೆಕ್ಕ ಬರಿದಾಗಲಿಲ್ಲ. ಬಾಕಿಯನ್ನು ಮನೆಮನೆಯಿಂದ ಎತ್ತುತ್ತಾರೆ ಅನ್ನುವ ಹೊತ್ತಿಗೆ, 1789ರಲ್ಲಿ, ವಿಲಾ ರಿಕಾ ಪಟ್ಟಣದಲ್ಲಿ ಕೆಲವರು ಸೇರಿ ದಂಗೆಗೆ ಸಂಚು ಹೂಡಿದರು. ಸಿಕ್ಕಿಬಿದ್ದವರಲ್ಲಿ ಶ್ರೀಮಂತರು, ವಕೀಲರು, ಪಾದ್ರಿಗಳು, ಕವಿಗಳು ಎಲ್ಲರೂ ಇದ್ದರು. ನೇಣಿಗೇರಿದ್ದು ಒಬ್ಬನೇ, ಹಲ್ಲು ಕೀಳುವ ಕಸುಬು ಗೊತ್ತಿದ್ದ ಸಣ್ಣ ಸೇನಾಧಿಕಾರಿ. ಜನ ಅವನನ್ನು ಕರೆಯುತ್ತಿದ್ದುದೇ ‘ಹಲ್ಲು ಕೀಳುವವ’ ಅಂತ, ಟಿರಾಡೆಂಟಿಸ್. 1792ರ ಏಪ್ರಿಲ್ 21ರಂದು ರಿಯೊದಲ್ಲಿ ಗಲ್ಲಿಗೇರಿಸಿ, ದೇಹ ತುಂಡು ಮಾಡಿ, ತಲೆಯನ್ನು ವಿಲಾ ರಿಕಾದಲ್ಲಿ ಕಂಬಕ್ಕೆ ಸಿಕ್ಕಿಸಿದರು. ಇವತ್ತು ಆ ದಿನ ಇಡೀ ದೇಶಕ್ಕೆ ರಜೆ.

ಆ ಕಾಲದ ಇನ್ನೊಂದು ಕಥೆ ನನಗೆ ಬಹಳ ಇಷ್ಟ. ತೆರಿಗೆ ತಪ್ಪಿಸೋಕೆ ಒಳಗೆ ಟೊಳ್ಳು ಕೊರೆದ ಸಂತರ ವಿಗ್ರಹಗಳಲ್ಲಿ ಚಿನ್ನದ ಪುಡಿ ತುಂಬಿ ಸಾಗಿಸುತ್ತಿದ್ದರಂತೆ. ಈಗಲೂ ಅಲ್ಲಿ ಸೋಗಲಾಡಿಯನ್ನು ‘ಟೊಳ್ಳು ಮರದ ಸಂತ’ ಅಂತಾರೆ.

ಆ ಸಂತ ನಾನೇ. 2021ರ ಜುಲೈ 20ರಂದು ದಕ್ಷಿಣ ಮಿನಾಸ್‌ನಲ್ಲಿ ಫ್ರಾಸ್ಟ್ ಬಿದ್ದಾಗ ಮೊದಲು ಕುಣಿದವನು ಈ ಪೋಸ್ಟ್ ಬರೆಯುತ್ತಿರುವ ಮಹಾನುಭಾವನೇ. ರಾತ್ರಿ ಹೆಂಡತಿಯನ್ನು ಎಬ್ಬಿಸಿ ಹೇಳಿದೆ. "ಯಾರದೋ ತೋಟ ಹಾಳಾಗಿದ್ದಕ್ಕೆ ನನ್ನ ನಿದ್ದೆ ಯಾಕೆ ಹಾಳು ಮಾಡ್ತೀರಿ" ಅಂತ ಮಗ್ಗುಲು ಬದಲಿಸಿದಳು. ಮಾರನೇ ದಿನ ಫೋಟೊ ನೋಡಿದೆ. ಸಾಲು ಸಾಲು ಗಿಡ, ಕುದಿಯೋ ನೀರು ಹುಯ್ದ ಹಾಗೆ ಕಂದು. ನಮ್ಮಲ್ಲಿ ಕಾಂಡ ಕೊರಕ ಹುಳ ಬಂದು ಎಲೆ ಹಳದಿಯಾದಾಗ ಅಪ್ಪ ಗಿಡದ ಬುಡದಲ್ಲಿ ಕೂತುಬಿಡ್ತಿದ್ದರು. ಅದು ನೆನಪಾಯ್ತು. ಇಷ್ಟಕ್ಕೂ ನನಗೆ ಸಿಕ್ಕಿದ್ದೇನು? ನನ್ನ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ, ಮಾರ್ಚ್‌ನಲ್ಲೇ ವ್ಯಾಪಾರಿಯ ಗೋದಾಮು ಸೇರಿತ್ತು. ಜುಲೈನ ರೇಟು ಏರಿದ್ದು ಅವನಿಗೆ. ಜಿಲೇಬಿ ತಿನ್ನಬೇಕಾದವನು ಅವನು, ನಾವಲ್ಲ.

ಇಷ್ಟು ಹೇಳಿದ್ದಕ್ಕೆ ಮೇಜಿನ ಆ ತುದಿಯಿಂದ ಪ್ರಶ್ನೆ ಬಂತು. "ಇಲ್ಲಿ ಆಗಸ್ಟ್ ಮಳೆಗೆ ಕಾಯಿ ಉದುರಿ ಗುಡ್ಡ ಜರಿದಾಗ ಯಾವ ಬ್ರೆಜಿಲಿನವನು ಅತ್ತ?" ಒಪ್ಪಿದೆ, ಯಾರೂ ಅಳಲಿಲ್ಲ. ನಮ್ಮ ತಾಲ್ಲೂಕಿನ ಹೆಸರೂ ಅವರಿಗೆ ಗೊತ್ತಿರಲಿಕ್ಕಿಲ್ಲ. ಆದರೆ ನಾನು ಅಳಿ ಅಂದೆನಾ? ಚಪ್ಪಾಳೆ ಬೇಡ ಅಂದೆ, ಅಷ್ಟೇ. ಪೈಪೋಟಿ ಯಾರ ಜೊತೆ ಅಂತಾದರೂ ತಿಳ್ಕೊಳ್ಳಿ ಅಂದೆ. 1975ರ ಫ್ರಾಸ್ಟ್ ಪರಾನಾ ರಾಜ್ಯದ ಕಾಫಿಯನ್ನೇ ಸುಟ್ಟುಹಾಕಿತು. ಬೆಳೆ ಮುಗಿದುಹೋಯ್ತಾ? ಬೆಳೆಗಾರರು ಗಂಟುಮೂಟೆ ಕಟ್ಟಿಕೊಂಡು ಉತ್ತರಕ್ಕೆ, ಮಿನಾಸ್‌ನ ಸೆರಾಡೊ ಬಯಲಿಗೆ ಹೋದರು. ಅಲ್ಲೀಗ ನೆರಳಿಲ್ಲದ ಸಮತಟ್ಟು ನೆಲದಲ್ಲಿ ಯಂತ್ರವೇ ಹಣ್ಣು ಕೊಯ್ಯುತ್ತೆ. ಅವರು ಬಿದ್ದಾಗೆಲ್ಲ ಇನ್ನಷ್ಟು ದೊಡ್ಡವರಾಗಿ ಎದ್ದಿದ್ದಾರೆ. ನಾವು ಜಿಲೇಬಿ ತಿಂದು ಮನೆಗೆ ಬಂದಿದ್ದೇವೆ. (ಅಲ್ಲೆಲ್ಲಾ ಸ್ವರ್ಗ ಅಂತಲೂ ಅಂದ್ಕೋಬೇಡಿ. ಗುಲಾಮಗಿರಿಗೆ ಕಾನೂನಿನ ಅಂತ್ಯ ಸಿಕ್ಕಿದ್ದು 1888ರಲ್ಲಿ. ಈಗಲೂ ಕಾರ್ಮಿಕ ಅಧಿಕಾರಿಗಳು ಕಾಫಿ ತೋಟಗಳಿಂದ ಜೀತದಂಥ ಸ್ಥಿತಿಯಲ್ಲಿರುವ ಕೂಲಿಯವರನ್ನು ಬಿಡಿಸಿ ತರುತ್ತಾರೆ.)

ಇನ್ನು ಕಬ್ಬಿಣ. ಇದನ್ನ ಹೇಳದೆ ಬಿಟ್ಟರೆ ನನ್ನ ಹೊಟ್ಟೆ ತಣ್ಣಗಾಗಲ್ಲ. ಚಿನ್ನ ಮುಗಿದ ನೆಲದಲ್ಲಿ ಅದಿರು ಸಿಕ್ಕಿತು. ಇತಾಬಿರಾ ಊರಿನವರು ಕಣ್ಣೆತ್ತಿದರೆ ಕಾಣುತ್ತಿದ್ದ ಕವೇ ಶಿಖರ ಈಗ ಒಂದು ಗುಂಡಿ. ಬೆಟ್ಟ ರೈಲು ಹತ್ತಿ ಪಕ್ಕದ ರಾಜ್ಯದ ಬಂದರಿಗೆ, ಅಲ್ಲಿಂದ ಹಡಗಿಗೆ. 2015ರ ನವೆಂಬರ್ 5ರಂದು ಮರಿಯಾನಾದ ಹತ್ತಿರ ಅದಿರಿನ ಕೆಸರು ತುಂಬಿದ ಅಣೆಕಟ್ಟು ಒಡೆಯಿತು. 19 ಸಾವು. ಕೆಸರು ಡೋಸಿ ನದಿ ಹಿಡಿದು ಅಟ್ಲಾಂಟಿಕ್‌ವರೆಗೂ ಹೋಯಿತು. ಆ ನದಿಯ ಹೆಸರಿನ ಅರ್ಥ ‘ಸಿಹಿ’. 2019ರ ಜನವರಿ 25ರಂದು ಬ್ರುಮಾಡಿನ್ಯೊದಲ್ಲಿ ಇನ್ನೊಂದು ಒಡೆಯಿತು. ಮಧ್ಯಾಹ್ನ ಊಟದ ಹೊತ್ತು, ಕಾರ್ಮಿಕರ ಕ್ಯಾಂಟೀನು ಅಣೆಕಟ್ಟಿನ ಕೆಳಗೇ ಇತ್ತು. ಸೈರನ್ ಕೂಗಲೇ ಇಲ್ಲ. 270 ಜನ.

ಬ್ರುಮಾಡಿನ್ಯೊ ವಿಡಿಯೊ ನೋಡಿದ ದಿನ ನನಗೆ ಕಂಡಿದ್ದು ನಮ್ಮ ಕುದುರೆಮುಖದ ಗಣಿಯ ಕೆಸರು ಹಿಡಿದಿಡೋ ಲಕ್ಯಾ ಡ್ಯಾಂ. ಆ ಕಬ್ಬಿಣದ ಗಣಿಯಲ್ಲೇ ನನ್ನ ಸೋದರಮಾವ ಕೆಲಸಕ್ಕಿದ್ದರು. ಬೇಸಿಗೆ ರಜೆಗೆ ಹೋದರೆ ಆ ಬೂದು ಕೆಸರಿನ ಕೆರೆ ತೋರಿಸಿ "ನೋಡೋ, ಸಮುದ್ರ" ಅನ್ನುತ್ತಿದ್ದರು. ನಮ್ಮ ಅದಿರು ಕೊಳವೆಯಲ್ಲಿ 67 ಕಿಲೋಮೀಟರ್ ಹರಿದು ಮಂಗಳೂರು ಸೇರುತ್ತಿತ್ತು. ಮರಿಯಾನಾದ ಕೊಳವೆ ಹತ್ತಿರ ಹತ್ತಿರ 400. ನಮ್ಮ ಗಣಿ 2005ರ ಕೊನೆಗೆ ನಿಂತಿತು, ಕೆಸರು ಅಲ್ಲೇ ಇದೆ. ಬೆಟ್ಟ, ಕಾಫಿ, ಅದಿರು, ಬೇರೆಯವರ ಕೈಯಲ್ಲಿರೋ ರೇಟು. ಇಷ್ಟೆಲ್ಲಾ ಒಂದೇ ಥರ ಇರೋ ಊರು ಜಗತ್ತಿನಲ್ಲಿ ಇನ್ನೆಲ್ಲಿ ಸಿಗುತ್ತೆ ಹೇಳಿ? ಅದರ ಬಗ್ಗೆ ನಮಗೆ ಗೊತ್ತಿರೋದು ರಾತ್ರಿಯ ಉಷ್ಣಾಂಶ ಮಾತ್ರ.

ಉಬೆರಾಬಾ ಅಂತ ಇನ್ನೊಂದು ಊರಿದೆ, ಅದೂ ಮಿನಾಸ್‌ನಲ್ಲೇ. ನಮ್ಮ ಗಿರ್, ಒಂಗೋಲು, ಕಾಂಕ್ರೇಜ್ ದನಗಳನ್ನು ಅಲ್ಲಿನ ವ್ಯಾಪಾರಿಗಳು ಹಡಗಿನಲ್ಲಿ ಕೊಂಡೊಯ್ದು ಸಾಕಿ, ಬ್ರೆಜಿಲ್ಲಿನ ದನದ ತಳಿಯನ್ನೇ ಬದಲಿಸಿದರು. ಈಗ ನಾವೇ ಅವರಿಂದ ಗಿರ್ ವೀರ್ಯ ತರಿಸಿಕೊಳ್ತೀವಿ. ಇದನ್ನೂ ಬೆಳಿಗ್ಗೆ ಹೇಳಿದೆ. "ಹೌದಾ?" ಅಂದು ಒಬ್ಬರು ಮತ್ತೆ ಮೊಬೈಲ್ ನೋಡಿದರು, ಎಷ್ಟು ಡಿಗ್ರಿಗೆ ಇಳಿಯುತ್ತಂತೆ ಅಂತ.

ಜಿಲೇಬಿ ನಾನೂ ತಿಂದೆ, ಸುಳ್ಳು ಯಾಕೆ. ಬಿಸಿಯಾಗಿತ್ತು. ಬಿಲ್ಲು ಬಂದಾಗ ಆರ್ಡರ್ ಕೊಟ್ಟ ಮಹನೀಯರು ಕೊಡೆ ಬಿಚ್ಚುತ್ತಾ ನನ್ನ ಕಡೆ ತಿರುಗಿ, "ನೀವು ಕೊಟ್ಟಿರಿ, ಫ್ರಾಸ್ಟ್ ಬಿದ್ದ ಮೇಲೆ ಕೊಡ್ತೀನಿ" ಅಂತ ಮಳೆಗೆ ಇಳಿದುಹೋದರು.