ಮೆಟ್ರೋ ಬರಲಿ, ಆದರೆ ತುಮಕೂರು ಬದ್ಲಾಪುರ ಆಗದಿರಲಿ

ಬೆಂಗಳೂರಿನಿಂದ ತುಮಕೂರಿಗೆ ಸುಮಾರು 70 ಕಿಲೋಮೀಟರ್. ಮುಂಬೈನ ಸಿಎಸ್‌ಎಂಟಿ ರೈಲು ನಿಲ್ದಾಣದಿಂದ ನಾನಿರುವ ಬದ್ಲಾಪುರಕ್ಕೆ 68. ದೂರ ಹೆಚ್ಚೂಕಮ್ಮಿ ಒಂದೇ, ಬದುಕು ಮಾತ್ರ ಬೇರೆ. ಬೆಂಗಳೂರಿನ ಅಂಚಿನ ಮಾದಾವರದ ತನಕ ಬಂದಿರುವ ಮೆಟ್ರೋವನ್ನು ತುಮಕೂರಿಗೆ ಎಳೆಯುವ ಮಾತು ಶುರುವಾದಾಗಿನಿಂದ ಅಲ್ಲಿರುವ ನನ್ನ ಚಿಕ್ಕಪ್ಪನ ಮಗನಿಗೆ ಖುಷಿಯೋ ಖುಷಿ. "ಅಣ್ಣಾ, ನಮ್ಮ ಸೈಟಿಗೆ ಒಳ್ಳೆ ರೇಟ್ ಬರುತ್ತೆ ಅಲ್ವಾ?" ಅಂತಾನೆ. ಬರುತ್ತೆ. ಜೊತೆಗೆ ಇನ್ನೇನೇನು ಬರುತ್ತೆ ಅನ್ನೋದನ್ನು ಬದ್ಲಾಪುರಕ್ಕೆ ಬಂದು ನೋಡಬೇಕು.

ಲೋಕಲ್ ರೈಲು ಇಲ್ಲದಿದ್ದರೆ ನನ್ನಂಥವರು ಮುಂಬೈ ಕಡೆ ಸ್ವಂತ ಮನೆ ಮಾಡುವ ಮಾತೇ ಇರಲಿಲ್ಲ. ಬೆಂಗಳೂರಲ್ಲಿ ಎರಡು ದಿನ ಆಟೋ ಹತ್ತಿದರೆ ಆಗುವ ಖರ್ಚಿನಲ್ಲಿ ಇಲ್ಲಿ ತಿಂಗಳ ಪಾಸ್ ಬರುತ್ತೆ. ಅದಕ್ಕೇ ಜನ ಬಂದರು. 2001ರ ಜನಗಣತಿಯಲ್ಲಿ ಒಂದು ಲಕ್ಷದ ಹತ್ತಿರವಿದ್ದ ಕುಳಗಾಂವ್-ಬದ್ಲಾಪುರದ (ನಮ್ಮೂರಿನ ಪೂರ್ತಿ ಹೆಸರು) ಜನಸಂಖ್ಯೆ 2011ಕ್ಕೆ ಒಂದೂಮುಕ್ಕಾಲು ಲಕ್ಷ ಆಯಿತು. ಆಮೇಲೆ ಎದ್ದ ಕಟ್ಟಡಗಳನ್ನು ಕೇಳಲೇಬೇಡಿ. ಹಳಿ ಮಾತ್ರ ಅವೇ ಎರಡು. ಕಲ್ಯಾಣ್ ದಾಟಿದ ಮೇಲೆ ಪುಣೆ ಕಡೆಯ ದೂರದ ಗಾಡಿಗಳೂ ಅದರ ಮೇಲೇ ಓಡಬೇಕು. ಮೂರನೇ, ನಾಲ್ಕನೇ ಹಳಿಗೆ ಈಗ ಕೈ ಹಾಕಿದ್ದಾರೆ.

ಬದ್ಲಾಪುರದಿಂದಲೇ ಹೊರಡುವ ಗಾಡಿ ಅಂದ್ಮೇಲೆ ಸೀಟು ಸಿಗಬೇಕು. ಸಿಗಲ್ಲ. ಮುಂಬೈ ಕಡೆಗಿನ ಪಕ್ಕದ ಸ್ಟೇಷನ್ ಅಂಬರನಾಥದವರು ಇತ್ತ ಬರುವ ಗಾಡಿಯಲ್ಲೇ ಹತ್ತಿಕೊಂಡು, ಇಲ್ಲಿ ಇಳಿಯದೆ ಕೂತೇ ಇರುತ್ತಾರೆ. ಜಗಳ ದಿನಾ ಇದ್ದದ್ದೇ. ಮೂರು ಜನರ ಬೆಂಚಿನ ತುದಿಯಲ್ಲಿ, ಒಂದು ಕಾಲು ದಾರಿಗೆ ಚಾಚಿ, ಅರ್ಧ ಕೂತರೆ ಅದೇ ‘ಫೋರ್ತ್ ಸೀಟ್’. ಅದಕ್ಕೂ ‘ಜರಾ ಸರಕಾ’ (ಸ್ವಲ್ಪ ಸರೀರಿ) ಅಂತ ಗೋಗರೆಯಬೇಕು. ಸಿಎಸ್‌ಎಂಟಿ ತನಕ ಸುಮಾರು ಒಂದೂವರೆ ಗಂಟೆ. ಸಂಜೆ ಮತ್ತೆ ಅಷ್ಟೇ.

ಬಾರ್ವಿ ಅಣೆಕಟ್ಟು ಪಕ್ಕದಲ್ಲೇ ಇದ್ದರೂ ಬೇಸಿಗೆಯಲ್ಲಿ ನಮ್ಮ ಸೊಸೈಟಿಗೆ ಟ್ಯಾಂಕರೇ ಗತಿ. ಮಳೆಗಾಲದಲ್ಲಿ ಉಲ್ಲಾಸ್ ನದಿ ಉಕ್ಕಿದರೆ ಬೇಡ ಅಂದರೂ ನೀರು. 2019ರ ಜುಲೈನಲ್ಲಿ ಬದ್ಲಾಪುರ-ವಾಂಗಣಿ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನೆರೆಯಲ್ಲಿ ಸಿಕ್ಕಿಕೊಂಡಾಗ ಸಾವಿರದಷ್ಟು ಜನರನ್ನು ಹೊರತರಬೇಕಾಯಿತು. ನದಿ ಬದಿಯ ಫ್ಲ್ಯಾಟುಗಳಿಗೆ ಆಮೇಲೂ ಗಿರಾಕಿ ಇದ್ದಾರೆ. ‘ರಿವರ್ ವ್ಯೂ’ ಅಂತೆ!

ತುಮಕೂರು ಹಾಗಲ್ಲ. ಸಿದ್ಧಗಂಗೆ ಇದೆ, ವಿಶ್ವವಿದ್ಯಾಲಯ ಇದೆ, ವಸಂತನರಸಾಪುರದ ಕಾರ್ಖಾನೆಗಳಿವೆ. ಬೆಂಗಳೂರಿನ ಮುಖ ನೋಡದೆಯೂ ಅಲ್ಲಿ ಬದುಕಬಹುದು. ನಾಟಕ ನೋಡಬೇಕು ಅನ್ನಿಸಿದರೆ ಊರಲ್ಲೇ ಗುಬ್ಬಿ ವೀರಣ್ಣ ರಂಗಮಂದಿರ ಇದೆ. ನಾವು ಮುಂಬೈನ ಮಾಟುಂಗಾದಲ್ಲಿರುವ ಕನ್ನಡಿಗರ ಸಂಘ ಮೈಸೂರು ಅಸೋಸಿಯೇಶನ್‌ಗೆ ಹೋಗಬೇಕು. ಯಾವ ನಾಟಕ ಅಂತ ಆಮೇಲೆ ಕೇಳುತ್ತೇವೆ, ಮೊದಲು ನೋಡೋದು ಭಾನುವಾರದ ಮೆಗಾಬ್ಲಾಕ್, ಅಂದರೆ ಹಳಿ ರಿಪೇರಿಗೆ ಅಂತ ಯಾವ ಗಾಡಿ ನಿಲ್ಲಿಸಿದ್ದಾರೆ ಅನ್ನೋದನ್ನು.

ಹಾಗಂತ ಮೆಟ್ರೋ ಬೇಡ ಅಂತಲ್ಲ. ಸುಮ್ನೆ ಸೈಟಿನ ರೇಟ್ ಲೆಕ್ಕ ಹಾಕುವ ಬದಲು, ಹೊಸ ಬಡಾವಣೆಗಳಿಗೆ ಹೇಮಾವತಿ ನೀರು ಎಷ್ಟು ಸಿಗುತ್ತೆ, ಚರಂಡಿ ಎಲ್ಲಿಗೆ ಹೋಗುತ್ತೆ, ಊರಲ್ಲೇ ಕೆಲಸ ಎಷ್ಟು ಹುಟ್ಟುತ್ತೆ ಅಂತ ತುಮಕೂರಿನವರು ಈಗಲೇ ಕೇಳಬೇಕು. ಆರಕ್ಕೆ ಮನೆ ಬಿಟ್ಟು ರಾತ್ರಿ ಒಂಬತ್ತಕ್ಕೆ ಬರುವವರು ಆಮೇಲೆ ಪಾಲಿಕೆ ಬಾಗಿಲಿಗೆ ಹೋಗಿ ಕೇಳಲ್ಲ. ನಾವೂ ಹೋಗಿಲ್ಲ.